ಗೆರೆ ಮರಳಿದ ಮೇಲಷ್ಟೇ ನರಹುಲಿ ಹೋದಂತೆ

ಅಕ್ಕನ ಮಗನ ಅಂಗಾಲಿನಲ್ಲಿ ಆಣಿ ಆಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಯಾಗಿತ್ತು. ಔಷಧಿ ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸಿದ್ದೂ ಆಗಿತ್ತು. ಖೊಖೊ ಆಡುವ ಹುಡುಗ ಹಿಮ್ಮಡಿ ಊರಲಾರದೆ ಕುಂಟುತ್ತಿದ್ದ. ದಾವಣಗೆರೆಯ ಚರ್ಮವೈದ್ಯೆಯೊಬ್ಬರ ಬಳಿಗೆ ಕರೆದೊಯ್ದಾಗ ಅವರು ಔಷಧಿ ಚೀಟಿಗೆ ಕೈ ಹಾಕಲಿಲ್ಲ, ಮೊದಲು ಗಂಟನ್ನು ಹೆಬ್ಬೆರಳಿನಿಂದ ನೇರವಾಗಿ ಒತ್ತಿದರು. ಹುಡುಗ ಮುಖ ಸ್ವಲ್ಪ ಹಿಂಡಿದ, ಅಷ್ಟೆ. ಆಮೇಲೆ ಎರಡೂ ಬದಿಯಿಂದ ಹಿಡಿದು ಚಿವುಟಿದರು. "ಅಯ್ಯೋ ಮೇಡಂ!" ಎಂದು ಕಾಲು ಎಳೆದುಕೊಂಡುಬಿಟ್ಟ.

"ಇದು ಆಣಿ ಅಲ್ಲಮ್ಮ, ನರಹುಲಿ," ಎಂದರು ಅಕ್ಕನ ಕಡೆ ತಿರುಗಿ. "ಆಣಿ ಆಗಿದ್ರೆ ಒತ್ತಿದಾಗ ಜೀವ ಹೋಗೋ ಹಾಗೆ ನೋಯುತ್ತೆ. ನರಹುಲಿ ಚಿವುಟಿದ್ರೆ ನೋಯುತ್ತೆ."

ಬಳಿಕ ಬ್ಲೇಡಿನಿಂದ ಮೇಲಿನ ದಪ್ಪ ಚರ್ಮವನ್ನು ತೆಳ್ಳಗೆ ಹೆರೆದರು. ಒಳಗಿನಿಂದ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಕಂಡವು, ಒಂದೆರಡರಿಂದ ರಕ್ತ ಜಿನುಗಿತು. ಅಂಗೈಯಲ್ಲಿ ಹಿಡಿಯುವಂಥ ಡರ್ಮೋಸ್ಕೋಪನ್ನು ಅದರ ಮೇಲಿಟ್ಟು ನನ್ನನ್ನು ಕರೆದರು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಆ ಮಸೂರದಲ್ಲಿ ನಾನು ಕಂಡದ್ದನ್ನು ಈಗಲೂ ಯಾರಾದರೂ ಸಿಕ್ಕರೆ ವಿವರಿಸದೆ ಬಿಡುವುದಿಲ್ಲ. ಹಿಮ್ಮಡಿಯ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಬಂದು, ಆ ಗಂಟಿನ ಅಂಚಿಗೆ ತಲುಪಿದ್ದೇ ಪಕ್ಕಕ್ಕೆ ಬಾಗಿದ್ದವು, ನೇಗಿಲಿನ ಸಾಲುಗಳು ಹೊಲದ ನಡುವಿನ ಬಂಡೆಯನ್ನು ಬಳಸಿಕೊಂಡು ಹೋಗುವ ಹಾಗೆ. ಗಂಟಿನ ಒಳಗೆ ಒಂದೇ ಒಂದು ಗೆರೆ ಇಲ್ಲ. ಚುಕ್ಕೆಗಳು ಮಾತ್ರ.

ನರಹುಲಿಯ ವಿಷಯದಲ್ಲಿ ನಂಬಬೇಕಾದ ಸಾಕ್ಷಿ ಈ ಗೆರೆಗಳೇ ಎಂದು ಅವತ್ತಿನಿಂದ ನನಗೆ ಮನವರಿಕೆಯಾಗಿದೆ. ರೋಗ ಗುರುತಿಸುವಾಗಲೂ ಅಷ್ಟೇ, ವಾಸಿಯಾಯಿತೇ ಎಂದು ನೋಡುವಾಗಲೂ ಅಷ್ಟೇ. ಕಾಯಿಕಟ್ಟಿದ ಚರ್ಮದ ಮೇಲೆ ಗೆರೆಗಳು ಮಸುಕಾದರೂ ಹಾದುಹೋಗುತ್ತವೆ. ಆಣಿಯನ್ನು ಹೆರೆದರೆ ನಡುವೆ ಗಾಜಿನಂಥ ಗಟ್ಟಿ ತಿರುಳು ಸಿಗುತ್ತದೆ, ಕಪ್ಪು ಚುಕ್ಕೆ ಸಿಗುವುದಿಲ್ಲ. ನರಹುಲಿಯಲ್ಲಿ ಗೆರೆ ಕಡಿದುಹೋಗಿರುತ್ತದೆ.

ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಸುದ್ದಿಯಲ್ಲಿ ಈ ಹೆಸರು ಕೇಳಿ ಗಾಬರಿಯಾಗುವವರಿದ್ದಾರೆ. ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಕೈಕಾಲಿನ ನರಹುಲಿಗೆ ಕಾರಣವಾಗುವ 1, 2, 4, 27, 57ನೇ ಬಗೆಗಳೇ ಬೇರೆ, ಕ್ಯಾನ್ಸರ್ ತರುವ 16, 18ನೇ ಬಗೆಗಳೇ ಬೇರೆ. ಕಣ್ಣಿಗೆ ಕಾಣದ ಒಂದು ಸಣ್ಣ ಗೀರು ಸಾಕು, ವೈರಸ್ ಹೊರಚರ್ಮದ ತಳದ ಪದರಕ್ಕೆ ಇಳಿದು ಅಲ್ಲಿನ ಕೋಶಗಳನ್ನು ಅತಿಯಾಗಿ ಬೆಳೆಯಲು ಹಚ್ಚುತ್ತದೆ. ಸೋಂಕು ತಗುಲಿ ಗಂಟು ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಬೆಳೆಯುವ ಗಂಟಿಗೆ ರಕ್ತ ಒದಗಿಸಲು ಕೆಳಗಿನ ಕಿರುರಕ್ತನಾಳಗಳು ಮೇಲಕ್ಕೆ ಚಾಚುತ್ತವೆ. ಅವುಗಳಲ್ಲಿ ಹೆಪ್ಪುಗಟ್ಟಿದ ರಕ್ತವೇ ಆ ಕಪ್ಪು ಚುಕ್ಕೆ. "ಬೇರು ಮೂಳೆಯವರೆಗೆ ಇಳಿದಿದೆ, ಕಿತ್ತು ತೆಗೀಬೇಕು" ಎನ್ನುವ ಮಾತಿಗೆ ಆಧಾರವಿಲ್ಲ. ನರಹುಲಿಗೆ ಬೇರಿಲ್ಲ, ಅದರ ವಾಸವೆಲ್ಲ ಹೊರಚರ್ಮದಲ್ಲೇ.

ಗೆರೆಗಳ ಮಹತ್ವ ಇರುವುದೂ ಇಲ್ಲೇ. ಅಂಗೈ, ಅಂಗಾಲಿನ ಗೆರೆಗಳ ಅಚ್ಚು ಇರುವುದು ಹೊರಚರ್ಮದ ಕೆಳಗಿನ ಒಳಚರ್ಮದಲ್ಲಿ. ತಾಯಿಯ ಹೊಟ್ಟೆಯಲ್ಲಿರುವಾಗಲೇ, ಗರ್ಭದ ಆರನೇ ತಿಂಗಳ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ಗುತ್ತಿಗೆದಾರನೊಬ್ಬನ ಅಂಗೈ ಅಚ್ಚು ಒತ್ತಿಸಿಕೊಂಡವನು, ಮುಂದೆ ದಶಕಗಳ ಅಂತರದಲ್ಲಿ ಅದೇ ಜನರ ಬೆರಳಚ್ಚು ಮತ್ತೆ ತೆಗೆದು ಗೆರೆ ಬದಲಾಗುವುದಿಲ್ಲ ಎಂದು ತೋರಿಸಿದ. ಹೊರಚರ್ಮ ಸವೆದರೂ ಕೆಳಗಿನ ಅಚ್ಚು ಉಳಿದಿದ್ದರೆ ಅದೇ ಗೆರೆ, ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಆದ್ದರಿಂದ ಸರಿಯಾಗಿ ಹೋದ ನರಹುಲಿ ಕಲೆಯನ್ನೂ ಉಳಿಸುವುದಿಲ್ಲ.

ನಮ್ಮ ಕಡೆಯ ಮನೆಮದ್ದುಗಳ ಬಗ್ಗೆ ನನಗಿರುವ ತಕರಾರು ಇದೇ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುವುದು, ಗೇರೆಣ್ಣೆ ತೊಟ್ಟಿಕ್ಕಿಸುವುದು, ಊದಿನಕಡ್ಡಿಯಿಂದ ಸುಡುವುದು, ಎಕ್ಕದ ಹಾಲು, ಕುದುರೆ ಬಾಲದ ಕೂದಲು ಬಿಗಿದು ಕಟ್ಟುವುದು. ಗಂಟು ಉದುರುತ್ತದೆ, ನಿಜ. ಆದರೆ ಸುಟ್ಟಗಾಯ ಒಳಚರ್ಮಕ್ಕೆ ಇಳಿದರೆ ಗೆರೆಯ ಅಚ್ಚೇ ಹಾಳಾಗಿ ನುಣುಪಾದ ಕಲೆ ಜೀವಮಾನವಿಡೀ ನಿಲ್ಲುತ್ತದೆ. ಸುತ್ತಲಿನ ಚರ್ಮದಲ್ಲಿ ಉಳಿದ ವೈರಸ್ ಕಲೆಯ ಅಂಚಿನಲ್ಲೇ ಹೊಸ ಗಂಟು ಎಬ್ಬಿಸಿದ ಕೈಗಳನ್ನೂ ನೋಡಿದ್ದೇನೆ. ಅದಕ್ಕಿಂತ ಉಪ್ಪು-ಮೆಣಸಿನ ಹರಕೆ ಹೇಳಿಕೊಳ್ಳುವವರು ಎಷ್ಟೋ ವಾಸಿ, ಚರ್ಮಕ್ಕಾದರೂ ಹಾನಿಯಿಲ್ಲ. ತಮಿಳುನಾಡಿನ ವೈದೀಶ್ವರನ್ ಕೋಯಿಲ್‌ನಲ್ಲಿ ಭಕ್ತರು ಕಲ್ಯಾಣಿಗೆ ಬೆಲ್ಲ ಹಾಕುತ್ತಾರೆ. ಬೆಲ್ಲ ಕರಗಿದಂತೆ ಕಾಯಿಲೆಯೂ ಕರಗಲಿ ಎಂಬ ಆಸೆ.

ಇದೇ ಆಸೆಯ ಕಥೆಯೊಂದು ಇಂಗ್ಲೆಂಡಿನಲ್ಲಿದೆ, ನನಗೆ ಬಲು ಪ್ರಿಯವಾದದ್ದು. ಪ್ರಯೋಗದಿಂದಲೇ ಸತ್ಯ ತಿಳಿಯಬೇಕು ಎಂದು ಯುರೋಪಿಗೆ ಪಾಠ ಹೇಳಿದ ಫ್ರಾನ್ಸಿಸ್ ಬೇಕನ್‌ಗೆ ಚಿಕ್ಕಂದಿನಿಂದ ಬೆರಳಿನ ಮೇಲೊಂದು ನರಹುಲಿ ಇತ್ತು. ಹದಿನಾರರ ವಯಸ್ಸಿನಲ್ಲಿ ಪ್ಯಾರಿಸ್ಸಿನ ಇಂಗ್ಲಿಷ್ ರಾಯಭಾರಿಯ ಜೊತೆಯಲ್ಲಿದ್ದಾಗ ಒಂದೇ ತಿಂಗಳಲ್ಲಿ ಎರಡೂ ಕೈ ತುಂಬ ನೂರರಷ್ಟು ಎದ್ದವು. ರಾಯಭಾರಿಯ ಹೆಂಡತಿ ಮೂಢನಂಬಿಕೆಗೆ ಒಲಿಯುವ ಹೆಂಗಸಲ್ಲ ಎಂದು ಬೇಕನ್ನೇ ಬರೆಯುತ್ತಾನೆ. ಆಕೆ ಚರ್ಮ ಸಮೇತ ಹಂದಿಕೊಬ್ಬಿನ ತುಂಡು ತಂದು ಎಲ್ಲ ನರಹುಲಿಗಳಿಗೂ, ಬಾಲ್ಯದ ಆ ಹಳೆಯದಕ್ಕೂ ಉಜ್ಜಿದಳು. ಆಮೇಲೆ ಕೊಬ್ಬಿನ ಬದಿ ಬಿಸಿಲಿಗೆ ಬೀಳುವಂತೆ ದಕ್ಷಿಣದ ಕಿಟಕಿಗೆ ಮೊಳೆ ಹೊಡೆದಳು. ಐದು ವಾರಗಳೊಳಗೆ ಎಲ್ಲವೂ ಮಾಯ. ಅವನು ಸತ್ತ ಮರುವರ್ಷ, 1627ರಲ್ಲಿ ಅಚ್ಚಾದ 'ಸಿಲ್ವಾ ಸಿಲ್ವರಂ' ಪುಸ್ತಕದಲ್ಲಿ ಇದು ದಾಖಲಾಗಿದೆ.

ಈ ಕಥೆಯಲ್ಲಿ ನಾನು ಮತ್ತೆ ಮತ್ತೆ ಮರಳುವುದು ಬೇಕನ್ನನ ಮುಂದಿನ ಮಾತಿಗೆ. ಬೇಗ ಬಂದವು ಬೇಗ ಹೋದದ್ದರಲ್ಲಿ ತನಗೆ ಅಚ್ಚರಿಯಿಲ್ಲ, ಅಷ್ಟು ವರ್ಷ ಬೀಡುಬಿಟ್ಟಿದ್ದ ಹಳೆಯದೂ ಹೋಯಿತಲ್ಲ, ಅದು ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ ಎನ್ನುತ್ತಾನೆ. ಎಂಥ ಚುರುಕು ಗಮನ! ಈಗಿನ ವೈದ್ಯರು ಹೇಳುವುದನ್ನು ಸೇರಿಸಿಕೊಂಡರೆ ಅವನ ಒಗಟಿಗೆ ಉತ್ತರ ಸಿಗುತ್ತದೆ. ವೈರಸ್ ರಕ್ತಕ್ಕೆ ಇಳಿಯದೆ ಹೊರಚರ್ಮದಲ್ಲೇ ಅಡಗಿರುವುದರಿಂದ ದೇಹದ ರಕ್ಷಣಾ ಪಡೆಗೆ ಬಹುಕಾಲ ಸುಳಿವು ಹತ್ತುವುದಿಲ್ಲ. ಒಮ್ಮೆ ಗುರುತು ಹತ್ತಿತೆಂದರೆ ಹಳೆಯದು ಹೊಸದೆಂಬ ಭೇದವಿಲ್ಲದೆ ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡಬಲ್ಲದು. ಹೊಸ ಗಂಟುಗಳ ಆ ದಂಡೇ ಅವನ ದೇಹವನ್ನು ಎಚ್ಚರಿಸಿರಬೇಕು ಎಂದು ನನ್ನ ಊಹೆ. ಹಂದಿಕೊಬ್ಬಿಗೆ ಪುಕ್ಕಟೆ ಕೀರ್ತಿ ಬಂತು. ಮಕ್ಕಳನ್ನು ಗಮನಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೂರನೇ ಎರಡು ಪಾಲು ನರಹುಲಿಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗಿದ್ದವು. ನಮ್ಮ ಹರಕೆ, ಕುದುರೆ ಕೂದಲು, ಹೋಮಿಯೋಪಥಿಯ ಥೂಜಾ ಗುಳಿಗೆ, ಎಲ್ಲದರ ಖ್ಯಾತಿಯ ಹಿಂದೆಯೂ ಈ ಲೆಕ್ಕ ಕೆಲಸ ಮಾಡಿದೆ ಎಂದೇ ನಾನು ನಂಬಿದ್ದೇನೆ.

ನರಹುಲಿ ವೈರಸ್ಸಿನಿಂದ ಹರಡುವ ಅಂಟುರೋಗ ಎಂದು ಖಚಿತವಾದದ್ದು 1907ರಲ್ಲಿ. ಇಟಲಿಯ ಜುಸೆಪ್ಪೆ ಚುಫೋ ಎಂಬ ವೈದ್ಯ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ನುಸುಳಲಾರದ ಜರಡಿಯಲ್ಲಿ ಸೋಸಿ, ಆ ರಸವನ್ನು ತನ್ನದೇ ಚರ್ಮಕ್ಕೆ ಚುಚ್ಚಿಕೊಂಡು ನರಹುಲಿ ಬೆಳೆಸಿದ. ಉಗುರು ಕಚ್ಚುವ ಮಕ್ಕಳಿಗೆ ಉಗುರಿನ ಸುತ್ತ, ರೇಜರ್ ಆಡಿಸುವವರಿಗೆ ಗಡ್ಡದ ಜಾಗದಲ್ಲಿ ಸಾಲುಸಾಲಾಗಿ ಹಬ್ಬುವುದು ಇದೇ ಕಾರಣಕ್ಕೆ.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಯಾಲಿಸಿಲಿಕ್ ಆಸಿಡ್ ಲೇಪನ ಅಗ್ಗದ್ದು. ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್ ಹೆಚ್ಚು ನೋಯಿಸುತ್ತದೆ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಹೋಲಿಕೆಯಲ್ಲಿ ಅಂಗಾಲಿನ ನರಹುಲಿ 12 ವಾರಕ್ಕೆ ಪೂರ್ತಿ ಹೋದದ್ದು ಎರಡರಲ್ಲೂ ನೂರಕ್ಕೆ 14 ಜನರಿಗೆ ಮಾತ್ರ. ಅಂಗಾಲಿನದು ಹಟಮಾರಿ. ತಿಂಗಳುಗಟ್ಟಲೆ ತಾಳ್ಮೆ ಬೇಕು.

ನಮ್ಮ ಹುಡುಗನಿಗೆ ವೈದ್ಯೆ ಹೇಳಿದ್ದು ಇಷ್ಟು: ರಾತ್ರಿ ಬಿಸಿನೀರಿನಲ್ಲಿ ಕಾಲು ನೆನೆಸು, ಸತ್ತ ಚರ್ಮ ಉಜ್ಜು, ಔಷಧಿ ಗಂಟಿಗೆ ಮಾತ್ರ ಹಚ್ಚು, ಉಜ್ಜಿದ ಕಲ್ಲನ್ನು ಬೇರೆಯವರು ಮುಟ್ಟಕೂಡದು. "ನೋವು ಹೋಯ್ತು ಅಂತ ನಿಲ್ಲಿಸ್ಬೇಡ ಕಣೋ. ಗೆರೆ ಬರೋವರೆಗೂ ಹಚ್ಚು." ಹೆಚ್ಚಿನವರು ಎಡವುವುದು ಇಲ್ಲೇ. ಗಂಟು ಚಪ್ಪಟೆಯಾಗುತ್ತದೆ, ನೋವಿರುವುದಿಲ್ಲ, ಔಷಧಿ ಬಾಟಲಿ ಮೂಲೆ ಸೇರುತ್ತದೆ. ನಡುವೆ ಉಳಿದ ಒಂದು ಚುಕ್ಕೆ ಮತ್ತೆ ಬೆಳೆಯುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೆ ಹೋದಾಗ ಮಸೂರದಲ್ಲಿ ಗೆರೆಗಳು ಒಂದು ಬದಿಯಿಂದ ಒಳಕ್ಕೆ ಬಂದಿದ್ದವು, ಇನ್ನೊಂದು ಅಂಚಿನಲ್ಲಿ ಎರಡು ಚುಕ್ಕೆ ಉಳಿದಿದ್ದವು. ಮುಂದುವರಿಸಲು ಹೇಳಿದರು.

ಮನೆಯಲ್ಲೇ ನೋಡಿಕೊಳ್ಳಲು ಒಳ್ಳೆಯ ಬೆಳಕು, ಒಂದು ಭೂತಗನ್ನಡಿ ಸಾಕು. ಕಾಲನ್ನು ತೊಳೆದು ಒರೆಸಿ ನೋಡಬೇಕು. ಗೆರೆಗಳು ತಡೆಯಿಲ್ಲದೆ ಆ ಜಾಗ ದಾಟುತ್ತಿರಬೇಕು, ಕಪ್ಪು ಚುಕ್ಕೆ ಇರಬಾರದು, ಚಿವುಟಿದರೆ ನೋಯಬಾರದು. ಆಮೇಲೂ ಕೆಲವು ತಿಂಗಳು ಆಗಾಗ ಕಣ್ಣಾಡಿಸಬೇಕು. ಔಷಧಿಯಿಲ್ಲದೆ ಹೋಗುವ ನರಹುಲಿ ಕೆಲವೊಮ್ಮೆ ಹೋಗುವ ಮುನ್ನ ಕೆಂಪಾಗಿ ತುರಿಸುತ್ತದೆ, ಅದು ದೇಹ ಕೆಲಸಕ್ಕಿಳಿದ ಸೂಚನೆ.

ಇನ್ನು ಎಲ್ಲ ಗಂಟೂ ನರಹುಲಿಯಲ್ಲ. ಮಕ್ಕಳ ಮೈಮೇಲೆ ನಡುವೆ ಕುಳಿಬಿದ್ದ ಹೊಳೆಯುವ ಗುಳ್ಳೆಗಳು ಮೊಲಸ್ಕಮ್. ಕುತ್ತಿಗೆ, ಕಂಕುಳಲ್ಲಿ ಜೋಲುವ ಮೆತ್ತನೆಯ ತೊಗಲು ಸ್ಕಿನ್ ಟ್ಯಾಗ್, ಅದಕ್ಕೆ ವೈರಸ್ಸಿನ ಔಷಧಿ ಹಚ್ಚಿ ಫಲವಿಲ್ಲ. ಸಕ್ಕರೆ ಕಾಯಿಲೆಯವರು ಕಾಲಿನ ಯಾವ ಗಂಟಿಗೂ ತಾವೇ ಆಸಿಡ್ ಹಚ್ಚಕೂಡದು, ಬ್ಲೇಡ್ ಮುಟ್ಟಿಸಕೂಡದು. ಮುಖದ ಮೇಲಿನದು, ಗುಪ್ತಾಂಗದ್ದು ಸೀದಾ ವೈದ್ಯರ ಪಾಲಿಗೆ. ದೊಡ್ಡವರಲ್ಲಿ ಇದ್ದಕ್ಕಿದ್ದಂತೆ ಮೈತುಂಬ ಎದ್ದರೆ ರೋಗನಿರೋಧಕ ಶಕ್ತಿ ಕುಗ್ಗಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಐವತ್ತು ದಾಟಿದವರಲ್ಲಿ ಹೊಸದಾಗಿ ಹುಟ್ಟಿ ಬೇಗ ಬೆಳೆಯುವ, ತಾನಾಗಿ ರಕ್ತ ಒಸರುವ, ಹುಣ್ಣಾಗಿ ಮಾಯದ ಗಂಟನ್ನು ನರಹುಲಿ ಎಂದುಕೊಂಡು ಕಾಯಬೇಡಿ. ಚರ್ಮದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಅದೇ ರೂಪದಲ್ಲಿ ಬರುತ್ತದೆ, ಒಂದು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರೆ ಅನುಮಾನ ಬಗೆಹರಿಯುತ್ತದೆ.