ಭಾರ ಹೊರದ ಮೂಳೆ

1995ರ ಮಾರ್ಚ್ 22ರಂದು ರಷ್ಯಾದ ವೈದ್ಯ ವಲೇರಿ ಪೊಲ್ಯಕೋವ್ ಕಜಕಸ್ತಾನದ ಬಯಲಿನಲ್ಲಿ ಬಂದಿಳಿದರು. 1994ರ ಜನವರಿ 8ರಂದು 'ಮೀರ್' ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದ ಅವರು ಮರಳುವಾಗ 437 ದಿನಗಳು ಕಳೆದಿದ್ದವು. ಒಂದೇ ಯಾತ್ರೆಯಲ್ಲಿ ಇಷ್ಟು ದೀರ್ಘಕಾಲ ಬಾಹ್ಯಾಕಾಶದಲ್ಲಿದ್ದವರು ಇಂದಿಗೂ ಬೇರೊಬ್ಬರಿಲ್ಲ. ಹೀಗೆ ಇಳಿದವರನ್ನು ಎತ್ತಿಕೊಂಡು ಹೋಗುವುದು ವಾಡಿಕೆ. ಪೊಲ್ಯಕೋವ್ ಮಾತ್ರ ಪಕ್ಕದ ಕುರ್ಚಿಯವರೆಗೆ ತಾವೇ ನಡೆದರು.

ನಾಲ್ಕು ಹೆಜ್ಜೆ ನಡೆದರೆ ಅದೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು.

ನಿಲ್ದಾಣವೂ ಅದರೊಳಗಿನವರೂ ಒಟ್ಟಾಗಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಅಲ್ಲಿ ಯಾರಿಗೂ ತಮ್ಮ ತೂಕದ ಅರಿವಾಗುವುದಿಲ್ಲ. ಕಾಲುಗಳಿಗೆ ದೇಹವನ್ನು ಹೊರುವ ಕೆಲಸವೇ ಇಲ್ಲ. ನಮ್ಮ ಮೂಳೆ ಕಲ್ಲಿನ ಕಂಬವಲ್ಲ. ದಿನವೂ ಸ್ವಲ್ಪ ಕರಗಿ, ಸ್ವಲ್ಪ ಕಟ್ಟಿಕೊಳ್ಳುವ ಜೀವಂತ ಅಂಗ. ಭಾರ ಬೀಳದಿದ್ದರೆ ಕಟ್ಟುವ ಕೆಲಸ ಹಿಂದುಳಿಯುತ್ತದೆ. ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳಬಹುದು. ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ಕಾಲಿನ ಮೀನಖಂಡ ಸೊರಗುತ್ತದೆ. ಭೂಮಿಗೆ ಮರಳಿ ಎದ್ದು ನಿಂತರೆ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಇದನ್ನು ತಡೆಯಲೆಂದೇ ಗಗನಯಾತ್ರಿಗಳು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ ಮಾಡುತ್ತಾರೆ. ಪೊಲ್ಯಕೋವ್ ಅವರ ಆ ಕೆಲವು ಹೆಜ್ಜೆಗಳ ಹಿಂದೆ ಇದ್ದದ್ದೂ ಇಂಥ ನಿತ್ಯದ ಶ್ರಮವೇ.

ಈ ತೊಂದರೆಗಳನ್ನು ನೆಲದ ಮೇಲೆ ಅಧ್ಯಯನ ಮಾಡಲು ವಿಜ್ಞಾನಿಗಳು ಆರೋಗ್ಯವಂತರನ್ನು, ತಲೆಯ ಕಡೆ ತುಸು ತಗ್ಗಾಗಿರುವ ಮಂಚದಲ್ಲಿ ವಾರಗಟ್ಟಲೆ ಮಲಗಿಸುತ್ತಾರೆ. ಅವರಲ್ಲೂ ಮೂಳೆ ಸವೆಯುತ್ತದೆ, ಸ್ನಾಯು ಸೊರಗುತ್ತದೆ.

ಈಗ ನಿಮ್ಮ ಮನೆಯ ಹಾಸಿಗೆಯತ್ತ ನೋಡಿ. ಜ್ವರ ಬಿಟ್ಟು ವಾರವಾದರೂ "ನೀವು ಏಳಬೇಡಿ ಅಜ್ಜಿ, ಎಲ್ಲ ಇಲ್ಲಿಗೇ ತಂದುಕೊಡುತ್ತೇವೆ" ಎಂದು ಪ್ರೀತಿಯಿಂದ ಮಲಗಿಸಿಡುವವರು ಬಹಳ. ಆಮೇಲೆ "ಡಾಕ್ಟ್ರೇ, ಕಾಲಲ್ಲಿ ಶಕ್ತಿಯೇ ಇಲ್ಲ, ಒಂದು ಟಾನಿಕ್ ಬರೆದುಕೊಡಿ" ಎಂದು ನನ್ನ ಬಳಿ ಬರುತ್ತಾರೆ. ನಡಿಗೆ ಮಾಡಬೇಕಾದ ಕೆಲಸವನ್ನು ಟಾನಿಕ್ ಮಾಡಲಾರದು.

ಮೂಳೆ ಮುರಿತ, ಹೃದ್ರೋಗ, ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ಯಾವಾಗ ಎಬ್ಬಿಸಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಅವರು ಒಪ್ಪಿದ ದಿನದಿಂದ ತಡಮಾಡಬೇಡಿ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಐದು ನಿಮಿಷ ಕೂರಿಸಿ. ತಲೆ ಸುತ್ತದಿದ್ದರೆ ಕೈಹಿಡಿದು ನಿಲ್ಲಿಸಿ. ನಂತರ ಬಾಗಿಲವರೆಗೆ, ಮರುದಿನ ಜಗಲಿಯವರೆಗೆ ನಡೆಸಿ. ಜೊತೆಯಲ್ಲಿ ಒಬ್ಬರು ಇದ್ದೇ ಇರಲಿ.