ನಿಮಗಿದು ಗೊತ್ತೆ? ಪೆಟ್ಟು ಬಿದ್ದರೆ ಹೆಲ್ಮೆಟ್ಟೇ ಸುದ್ದಿ ಮುಟ್ಟಿಸುತ್ತದೆ!

ಸೈಕಲ್ ರಸ್ತೆ ರೇಸಿನಲ್ಲಿ ಒಬ್ಬರ ಗಾಲಿ ಇನ್ನೊಬ್ಬರ ಗಾಲಿಗೆ ತಾಗಿದರೆ ಸಾಕು, ಹಿಂದಿನವರೂ ಒಬ್ಬರ ಮೇಲೊಬ್ಬರು ಉರುಳುತ್ತಾರೆ. 2003ರ ಪ್ಯಾರಿಸ್–ನೀಸ್ ರೇಸಿನಲ್ಲಿ ಕಜಕಸ್ತಾನದ ಆಂದ್ರೆ ಕಿವಿಲೆವ್ ತಲೆಗೆ ಪೆಟ್ಟಾಗಿ ತೀರಿಕೊಂಡರು. ವೃತ್ತಿಪರ ಸೈಕ್ಲಿಂಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾಗಿದ್ದು ಆ ಬಳಿಕವೇ!

ಈಗ ಹೆಲ್ಮೆಟ್ಟಿನ ಹಿಂಬದಿಗೆ ಅಂಟಿಸುವ ಪುಟ್ಟ ಸೆನ್ಸರ್‌ಗಳಿವೆ. ಸವಾರ ಬಿದ್ದರೆ ಅವನ ಮೊಬೈಲಿನಲ್ಲಿ ಕ್ಷಣಗಣನೆ ಶುರು. ಆತ ಅದನ್ನು ನಿಲ್ಲಿಸದಿದ್ದರೆ, ಬಿದ್ದ ಜಾಗದ ವಿವರ ಮನೆಯವರ ಮೊಬೈಲಿಗೆ ಹೋಗುತ್ತದೆ.

ಮಕ್ಕಳ ಆಟದಲ್ಲಿ ಇಂಥ ಸೆನ್ಸರ್ ಬಯಲು ಮಾಡಿದ ಸಂಗತಿ ಇನ್ನೂ ಸೋಜಿಗದ್ದು. ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು 7–8 ವರ್ಷದ ಏಳು ಬಾಲಕರ ಅಮೆರಿಕನ್ ಫುಟ್‌ಬಾಲ್ ಹೆಲ್ಮೆಟ್ಟಿನೊಳಗೆ ಸೆನ್ಸರ್ ಇಟ್ಟರು. ಒಂದೇ ಋತುವಿನಲ್ಲಿ ದಾಖಲಾದ ಹೊಡೆತ 748! ಕೆಲವಂತೂ ದೊಡ್ಡವರ ಆಟದ ಹೊಡೆತಗಳಷ್ಟೇ ಜೋರು. ಅಂಥ ಜೋರು ಹೊಡೆತಗಳಲ್ಲಿ ಹೆಚ್ಚಿನವು ಬಿದ್ದದ್ದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. 2012ರಲ್ಲಿ ಅಲ್ಲಿನ ಪಾಪ್ ವಾರ್ನರ್ ಬಾಲಕರ ಲೀಗ್ ಅಭ್ಯಾಸದ ವೇಳೆಯ ಡಿಕ್ಕಿಗಳಿಗೆ ಮಿತಿ ಹಾಕಿತು.

ಹೆಲ್ಮೆಟ್ ತಲೆಯ ಮೇಲೆ ಜಾರುವುದರಿಂದ ಅಳತೆ ತಪ್ಪಬಹುದು; ಹಲ್ಲು ಜಾರುವುದಿಲ್ಲ. ಹಾಗಾಗಿ ರಗ್ಬಿಯವರು ಹಲ್ಲುಕವಚದೊಳಗೇ ಸೆನ್ಸರ್ ಹುದುಗಿಸಿದ್ದಾರೆ. 2024ರಿಂದ ಉನ್ನತ ಮಟ್ಟದ ಪಂದ್ಯಗಳಲ್ಲಿ ಜೋರು ಹೊಡೆತ ಬಿದ್ದರೆ ಅಂಗಣದ ಬದಿಯ ವೈದ್ಯರಿಗೆ ತಕ್ಷಣ ಸೂಚನೆ ಹೋಗುತ್ತದೆ. ಆದರೆ ಸೆನ್ಸರ್ ಅಳೆಯುವುದು ಹೊಡೆತದ ಜೋರನ್ನಷ್ಟೇ; ಮಿದುಳಿಗೆ ಪೆಟ್ಟಾಗಿದೆಯೇ ಎಂದು ಹೇಳಬೇಕಾದವರು ವೈದ್ಯರು.