ಗುರುವಾರದ ಒಂದು ಅಂಕಿ

ಪ್ರತಿ ಗುರುವಾರ ಬೆಳಿಗ್ಗೆ ಎಂಟೂವರೆ ಗಂಟೆಗೆ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಒಂದು ಸಣ್ಣ ಪ್ರಕಟಣೆಯನ್ನು ಹೊರಡಿಸುತ್ತದೆ. ನಮ್ಮಲ್ಲಿ ಆಗ ಸಂಜೆ ಆರು ಗಂಟೆ. ಅಲ್ಲಿಯ ಚಳಿಗಾಲದಲ್ಲಾದರೆ ಏಳು. ಹಿಂದಿನ ವಾರ ಎಷ್ಟು ಮಂದಿ ಕೆಲಸ ಕಳೆದುಕೊಂಡು ನಿರುದ್ಯೋಗ ವಿಮೆಗೆ ಹೊಸದಾಗಿ ಅರ್ಜಿ ಹಾಕಿದರು ಎಂಬುದೇ ಅದರ ಸಾರ. ಮರುದಿನದ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಅರ್ಜಿಗಳು ಏರಿದುವೆಂದೋ ಇಳಿದುವೆಂದೋ ಒಂದು ಸಾಲನ್ನು ನೀವು ಕಂಡಿರಬಹುದು. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುವ ಮನೆಗಳಲ್ಲಿ, ಅಲ್ಲಿನ ಕಂಪನಿಗಳಿಗಾಗಿ ಬೆಂಗಳೂರಿನಲ್ಲೇ ಕುಳಿತು ದುಡಿಯುವವರ ಮನೆಗಳಲ್ಲಿ, ಆ ಸಾಲು ಊಟದ ಹೊತ್ತಿನ ಮಾತಾಗುತ್ತದೆ. ಕೆಲವೊಮ್ಮೆ ಆತಂಕಕ್ಕೂ ಕಾರಣವಾಗುತ್ತದೆ. ಆ ಅಂಕಿ ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಈ ವಿಮೆ ಹುಟ್ಟಿದ ಬಗೆ. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದುವು. 1933ರ ಹೊತ್ತಿಗೆ ದುಡಿಯಬಲ್ಲ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ವಿಸ್ಕಾನ್ಸಿನ್ ರಾಜ್ಯ 1932ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ನಿರುದ್ಯೋಗ ವಿಮೆಯ ಕಾನೂನು ಮಾಡಿತು. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಶಾಸನಕ್ಕೆ ಸಹಿ ಹಾಕಿದ ಮೇಲೆ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದುವು. ಮರುವರ್ಷದ ಆಗಸ್ಟಿನಲ್ಲಿ ವಿಸ್ಕಾನ್ಸಿನ್ನಿನಲ್ಲಿಯೇ ಮೊಟ್ಟಮೊದಲ ಚೆಕ್ಕು ಕೈಸೇರಿತು. ಅದರ ಮೊತ್ತ 15 ಡಾಲರು.

ಇದರ ಹಣ ಬರುವುದು ಮುಖ್ಯವಾಗಿ ಮಾಲಿಕರು ತೆರುವ ತೆರಿಗೆಯಿಂದ. ಕೆಲಸಗಾರನ ಸಂಬಳದಿಂದಲೂ ಅಷ್ಟಿಷ್ಟು ಹಿಡಿಯುವ ರಾಜ್ಯಗಳು ಎರಡು ಮೂರು ಮಾತ್ರ. ಚೌಕಟ್ಟು ಕೇಂದ್ರದ್ದು, ಭತ್ಯದ ಮೊತ್ತ, ಅರ್ಹತೆ, ಅವಧಿಗಳನ್ನು ಗೊತ್ತುಮಾಡುವುದು ಆಯಾ ರಾಜ್ಯ. ಬಹುತೇಕ ರಾಜ್ಯಗಳಲ್ಲಿ ಗರಿಷ್ಠ ಅವಧಿ 26 ವಾರ. ಕೆಲಸ ಹೋದದ್ದು ತನ್ನ ತಪ್ಪಿನಿಂದ ಆಗಿರಬಾರದು. ಅರ್ಜಿದಾರ ದುಡಿಯಲು ಶಕ್ತನಾಗಿ, ಸಿದ್ಧನಾಗಿ, ಕೆಲಸ ಹುಡುಕುತ್ತಲೂ ಇರಬೇಕು. ಅರ್ಜಿಗಳನ್ನು ಪಡೆಯುವ ರಾಜ್ಯ ಕಚೇರಿಗಳು ವಾರವಾರವೂ ತಮ್ಮ ಲೆಕ್ಕವನ್ನು ವಾಷಿಂಗ್ಟನ್ನಿಗೆ ಕಳುಹಿಸುತ್ತವೆ. ಈ ಲೆಕ್ಕಗಳ ಸಾಲು 1967ರಿಂದ ಒಂದೇ ಕ್ರಮದಲ್ಲಿ ದೊರೆಯುತ್ತದೆ. ಜನರನ್ನು ಕೇಳಿ ತಯಾರಿಸುವ ನಿರುದ್ಯೋಗದ ಸಮೀಕ್ಷೆ ತಿಂಗಳಿಗೊಮ್ಮೆ ಬಂದರೆ, ಇದು ಐದೇ ದಿನ ಹಿಂದಿನ ಶನಿವಾರದವರೆಗಿನ ಸುದ್ದಿಯನ್ನು ತರುತ್ತದೆ. ಇದರ ಬೆಲೆ ಇರುವುದು ಈ ಶೀಘ್ರತೆಯಲ್ಲಿ.

ಪ್ರಕಟಣೆಯಲ್ಲಿ ಎರಡು ಅಂಕಿಗಳಿರುತ್ತವೆ. ಕನ್ನಂಬಾಡಿ ಕಟ್ಟೆಯ ನೀರಿನ ವಿವರ ಕೇಳಿ ಬಲ್ಲ ನಮಗೆ ಅವುಗಳ ಭೇದ ಕಷ್ಟವಾಗಬೇಕಾಗಿಲ್ಲ. ಆ ವಾರ ಹೊಸದಾಗಿ ಬಂದ ಅರ್ಜಿಗಳು ಒಳಹರಿವು. ಮೊದಲೇ ಅರ್ಜಿ ಹಾಕಿ, ಇನ್ನೂ ಕೆಲಸ ಸಿಗದೆ ವಾರವಾರವೂ ಭತ್ಯ ಕೇಳುತ್ತಿರುವವರ ಒಟ್ಟು ಸಂಖ್ಯೆ ಕಟ್ಟೆಯಲ್ಲಿ ನಿಂತ ನೀರು. ಈ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಒಂದು ವಾರ ಹಳೆಯದು. ಒಳಹರಿವು ಕಡಿಮೆಯಾಗಿದ್ದರೂ ಹೊರಹರಿವು ಇನ್ನೂ ಕಡಿಮೆಯಾದರೆ ಕಟ್ಟೆಯ ಮಟ್ಟ ಏರುತ್ತದಲ್ಲವೆ? 2025ರಲ್ಲಿ ಹೀಗೆಯೇ ಆಯಿತು. ಹೊಸ ಅರ್ಜಿಗಳು ವಾರಕ್ಕೆ ಎರಡರಿಂದ ಎರಡೂವರೆ ಲಕ್ಷದ ಆಸುಪಾಸಿನಲ್ಲಿಯೇ ಇದ್ದುವು. ಆದರೆ ಭತ್ಯ ಪಡೆಯುತ್ತಿದ್ದವರ ಸಂಖ್ಯೆ ಬೇಸಗೆಯಲ್ಲಿ 19 ಲಕ್ಷವನ್ನು ಮೀರಿ, 2021ರ ಕೊನೆಯಿಂದೀಚೆಗೆ ಕಾಣದ ಮಟ್ಟ ತಲುಪಿತು. ಇದರರ್ಥ, ಮಾಲಿಕರು ಇದ್ದವರನ್ನು ಬಿಡಿಸುತ್ತಿರಲಿಲ್ಲ. ಹೊಸಬರನ್ನು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಮೊದಲ ಅಂಕಿಯೊಂದನ್ನೇ ಓದಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತು.

ಹೊರಹರಿವಿಗೂ ಎರಡು ತೂಬುಗಳಿವೆ. ಕೆಲಸ ಸಿಕ್ಕವರು ಒಂದರಿಂದ ಹೊರಹೋಗುತ್ತಾರೆ. 26 ವಾರದ ಅವಧಿ ತೀರಿ, ಕೆಲಸವೂ ಸಿಗದೆ, ಭತ್ಯವೂ ನಿಂತವರು ಮತ್ತೊಂದರಿಂದ. ಅಂಕಿ ಇಳಿದದ್ದು ಯಾವ ತೂಬಿನಿಂದ ಎಂಬುದನ್ನು ಆ ಒಂದು ಸಾಲಿನ ಸುದ್ದಿ ತಿಳಿಸುವುದಿಲ್ಲ.

ಇನ್ನು ವಾರದಿಂದ ವಾರಕ್ಕೆ ಆಗುವ ಏರಿಳಿತ. ಹಬ್ಬದ ಮಾರಾಟಕ್ಕೆಂದು ಅಂಗಡಿಗಳು ಸೇರಿಸಿಕೊಂಡವರನ್ನು ಕ್ರಿಸ್‌ಮಸ್ ಮುಗಿದ ಮೇಲೆ ಬಿಡುತ್ತಾರೆ. ಆದುದರಿಂದ ಜನವರಿಯ ಮೊದಲಲ್ಲಿ ಅರ್ಜಿಗಳು ಉಕ್ಕುತ್ತವೆ. ಮೋಟಾರು ಕಾರ್ಖಾನೆಗಳು ಹೊಸ ಮಾದರಿಗಳಿಗೆ ಯಂತ್ರಗಳನ್ನು ಅಣಿಗೊಳಿಸಲೆಂದು ಜುಲೈಯಲ್ಲಿ ಕೆಲದಿನ ಮುಚ್ಚಿದರೆ ಮಿಚಿಗನ್ ರಾಜ್ಯದ ಲೆಕ್ಕ ಏರುತ್ತದೆ. ವರ್ಷವರ್ಷವೂ ನಡೆಯುವ ಇಂಥ ಏರಿಳಿತವನ್ನು ಗಣಿತದ ಕ್ರಮದಿಂದ ಕಳೆದು ತೋರಿಸುತ್ತಾರೆ; ಇದಕ್ಕೆ ಋತುಮಾನದ ಹೊಂದಾಣಿಕೆ ಎಂದು ಹೆಸರು. ಪತ್ರಿಕೆಗೆ ಬರುವುದು ಹೀಗೆ ಹೊಂದಿಸಿದ ಅಂಕಿಯೇ. ಆದರೆ ಬಿರುಗಾಳಿಗೆ ಪಂಚಾಂಗವಿಲ್ಲ. 2017ರ ಆಗಸ್ಟಿನ ಕೊನೆಯಲ್ಲಿ ಹಾರ್ವೆ ಚಂಡಮಾರುತ ಟೆಕ್ಸಸ್ ರಾಜ್ಯವನ್ನು ಮುಳುಗಿಸಿದಾಗ ದೇಶದ ಲೆಕ್ಕ ಒಂದೇ ವಾರದಲ್ಲಿ ಸುಮಾರು 60,000ದಷ್ಟು ಹಾರಿತು. ಕೆಲವೇ ವಾರಗಳಲ್ಲಿ ಮತ್ತೆ ಇಳಿಯಿತು. 2023ರ ಮೇ ತಿಂಗಳಲ್ಲಿ ಮಸಾಚುಸೆಟ್ಸ್ ರಾಜ್ಯಕ್ಕೆ ಬಂದ ಸುಳ್ಳು ಅರ್ಜಿಗಳೂ ಇಡೀ ದೇಶದ ಅಂಕಿಯನ್ನು ಮೇಲೆತ್ತಿದುವು. ಈ ಕಾರಣದಿಂದಲೇ ಇಲಾಖೆ ವಾರದ ಅಂಕಿಯ ಪಕ್ಕದಲ್ಲಿ ನಾಲ್ಕು ವಾರಗಳ ಸರಾಸರಿಯನ್ನೂ ಕೊಡುತ್ತದೆ. ನೀವು ನೆಚ್ಚಬೇಕಾದದ್ದು ಅದನ್ನು.

ಅಂಕಿ ದೊಡ್ಡದೋ ಚಿಕ್ಕದೋ ಎಂದು ನಿರ್ಣಯಿಸುವಾಗ ದುಡಿಯುವವರ ಒಟ್ಟು ಸಂಖ್ಯೆಯನ್ನೂ ನೆನೆಯಬೇಕು. 1967ರಲ್ಲಿ ಅಮೆರಿಕದ ದುಡಿಮೆಗಾರರು ಸುಮಾರು ಏಳೂಮುಕ್ಕಾಲು ಕೋಟಿ. 2025ರಲ್ಲಿ ಸುಮಾರು 17 ಕೋಟಿ. ಅಂದಿನ ಎರಡು ಲಕ್ಷ ಅರ್ಜಿಗಳಿಗೂ ಇಂದಿನ ಎರಡು ಲಕ್ಷಕ್ಕೂ ಒಂದೇ ತೂಕವಲ್ಲ. 1982ರ ಅಕ್ಟೋಬರಿನ ಒಂದು ವಾರದಲ್ಲಿ 6,95,000 ಅರ್ಜಿಗಳು ಬಂದಿದ್ದುವು; 2009ರ ಮಾರ್ಚಿಯಲ್ಲಿ ಸುಮಾರು 6,65,000. ಎರಡೂ ಹತ್ತಿರ ಹತ್ತಿರವೇ ಎನಿಸಿದರೂ, ಆ ನಡುವೆ ದುಡಿಯುವವರು ನಾಲ್ಕು ಕೋಟಿಗೂ ಹೆಚ್ಚಾಗಿದ್ದುದರಿಂದ, ಹೊಸ ಅರ್ಜಿಗಳ ಮಟ್ಟಿಗೆ 1982ರ ಪೆಟ್ಟೇ ಹೆಚ್ಚಿನದು.

ಆ 1982ರ ದಾಖಲೆ 37 ವರ್ಷ ನಿಂತಿತು. ಕೊರೋನಾ ಸೋಂಕಿನ ದೆಸೆಯಿಂದ ಊರೂರು ಮುಚ್ಚಿದಾಗ, 2020ರ ಮಾರ್ಚ್ 26ರ ಗುರುವಾರ ಹೊರಬಿದ್ದ ಅಂಕಿ ಸುಮಾರು 33 ಲಕ್ಷ! ಅದರ ಹಿಂದಿನ ವಾರ ಅದು 3 ಲಕ್ಷವನ್ನೂ ಮುಟ್ಟಿರಲಿಲ್ಲ. ಮರುವಾರದ ಲೆಕ್ಕ 60 ಲಕ್ಷವನ್ನು ದಾಟಿತು. ರಾಜ್ಯ ಕಚೇರಿಗಳ ದೂರವಾಣಿಗಳೂ ಗಣಕಯಂತ್ರಗಳೂ ಈ ಪ್ರವಾಹವನ್ನು ತಾಳಲಾರದೆ ಹೋದುವು. ಫ್ಲಾರಿಡಾದಲ್ಲಿ ಕಾಗದದ ಅರ್ಜಿಗಳನ್ನು ಹಂಚಬೇಕಾಯಿತು. ನ್ಯೂಜರ್ಸಿಯ ರಾಜ್ಯಪಾಲರು, ಕೋಬಾಲ್ ಎಂಬ ಹಳೆಯ ಗಣಕಭಾಷೆ ಬಲ್ಲವರು ಬಂದು ನೆರವಾಗಬೇಕೆಂದು ಬಹಿರಂಗವಾಗಿ ಕೇಳಿದರು. ಅರ್ಜಿ ಹಾಕಲು ಹಲವು ದಿನ ಪ್ರಯತ್ನಪಟ್ಟವರು ಕೆಲಸ ಹೋದ ವಾರದ ಲೆಕ್ಕಕ್ಕೆ ಸೇರದೆ ಮುಂದಿನ ವಾರದ ಲೆಕ್ಕಕ್ಕೆ ಸೇರಿದರು. ಋತುಮಾನದ ಹೊಂದಾಣಿಕೆಯೂ ಕೆಟ್ಟಿತು. ಪ್ರಮಾಣದಿಂದ ಗುಣಿಸಿ ಸರಿಪಡಿಸುವ ಕ್ರಮ ಅಂಥ ಭಾರಿ ಸಂಖ್ಯೆಗಳಿಗೆ ಒಗ್ಗದೆ, ಆ ವರ್ಷದ ಸೆಪ್ಟೆಂಬರಿನಲ್ಲಿ ಕೂಡಿ ಕಳೆಯುವ ಕ್ರಮಕ್ಕೆ ಬದಲಾಯಿಸಿದರು. ಅಂಕಿಯು ಕೆಲಸ ಹೋದವರನ್ನು ಮಾತ್ರವಲ್ಲ, ಅರ್ಜಿ ಪಡೆಯುವ ಕಚೇರಿಯ ಶಕ್ತಿಯನ್ನೂ ಅಳೆಯುತ್ತದೆ ಎಂಬ ಪಾಠ ಆಗ ಎಲ್ಲರಿಗೂ ತಿಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಲೆಕ್ಕದಲ್ಲಿರುವವರು ಕಚೇರಿಯ ಬಾಗಿಲು ತಟ್ಟಿದವರು ಮಾತ್ರ. ತಾವಾಗಿ ಕೆಲಸ ಬಿಟ್ಟವರಿಗೆ ಸಾಮಾನ್ಯವಾಗಿ ಈ ವಿಮೆ ಇಲ್ಲ. ಶಾಲೆ ಮುಗಿಸಿ ಮೊದಲ ಕೆಲಸ ಹುಡುಕುವ ತರುಣನಿಗೆ ಇಲ್ಲ. ಸ್ವಂತ ಕಸುಬಿನವನಿಗೂ, ಕರೆ ಬಂದಾಗ ಸ್ವಂತ ಕಾರಿನಲ್ಲಿ ಬಾಡಿಗೆ ಓಡಿಸುವವನಿಗೂ ಸಾಮಾನ್ಯವಾಗಿ ಇಲ್ಲ. 2020ರ ಮಾರ್ಚಿಯಲ್ಲಿ ಮಾಡಿದ ವಿಶೇಷ ಶಾಸನ ಅಂಥವರಿಗೆ ತಾತ್ಕಾಲಿಕವಾಗಿ ನೆರವು ಕೊಟ್ಟು, 2021ರಲ್ಲಿ ಕೊನೆಗೊಂಡಿತು. ನಮ್ಮ ಊರುಗಳಿಂದ ಹೋಗಿ ಎಚ್-1ಬಿ ಪರವಾನಗಿಯ ಮೇಲೆ ದುಡಿಯುವವರ ಸ್ಥಿತಿಯೂ ಹೀಗೆಯೇ. ನೌಕರಿ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೊಬ್ಬ ಮಾಲಿಕ ಸಿಗಬೇಕು, ಇಲ್ಲವೆ ಬೇರೆ ಪರವಾನಗಿಗೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ದೇಶ ಬಿಡಬೇಕು. ಅಂಥವರಿಗೆ ವಿಮೆ ದೊರೆಯುವುದು ಬಹುತೇಕ ದುರ್ಲಭ. ಆದ್ದರಿಂದ ಗುರುವಾರದ ಅಂಕಿ ಇಳಿಯಿತೆಂದು ಅವರ ತಂದೆತಾಯಿಗಳು ನಿಶ್ಚಿಂತರಾಗುವಂತಿಲ್ಲ. ಒಂದು ವಾರ ಏರಿತೆಂದು ಗಾಬರಿಪಡಬೇಕಾದದ್ದೂ ಇಲ್ಲ. ಆ ಲೆಕ್ಕದಲ್ಲಿ ಅವರ ಮಕ್ಕಳು ಬಹುಮಟ್ಟಿಗೆ ಇಲ್ಲವೇ ಇಲ್ಲ.

ನಮ್ಮ ದೇಶದಲ್ಲಿ ಇಂಥ ವಾರದ ಲೆಕ್ಕ ಇಲ್ಲ. ನೌಕರರ ರಾಜ್ಯ ವಿಮಾ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈ 1ರಂದು ಆರಂಭವಾಯಿತು. ಕೆಲಸ ಹೋದ ವಿಮಾದಾರನಿಗೆ 90 ದಿನಗಳವರೆಗೆ ಸಂಬಳದ ಶೇಕಡ 25ರಷ್ಟು ಕೊಡುವುದು ಅದರ ಮೊದಲ ನಿಯಮ. 2020ರಲ್ಲಿ ಅದನ್ನು ಶೇಕಡ 50ಕ್ಕೆ ಏರಿಸಿದರು. ಆದರೆ ಗದ್ದೆಯ ಕೂಲಿ, ಗಾರೆ ಕೆಲಸ, ಬೀದಿ ವ್ಯಾಪಾರಗಳಲ್ಲಿರುವ ಬಹುಜನರಿಗೆ ಬಾಗಿಲು ತಟ್ಟಲು ಅಂಥ ಕಚೇರಿಯೇ ಇಲ್ಲ. ಅರ್ಜಿ ಎಣಿಸಿ ಅವರ ಕಷ್ಟ ತಿಳಿಯುವಂತಿಲ್ಲ. ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆಯೇ ನಮಗೆ ಆಧಾರ. 2025ರಿಂದ ಅದರ ಫಲಿತಾಂಶ ತಿಂಗಳಿಗೊಮ್ಮೆ ಪ್ರಕಟವಾಗತೊಡಗಿತು.

ಇಷ್ಟೆಲ್ಲ ಕುಂದುಗಳಿದ್ದರೂ ಆ ಅಂಕಿ ಬೇಡವಾದದ್ದಲ್ಲ. 2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳು ಹಣ ಮಂಜೂರಾಗದೆ ಮುಚ್ಚಿದ್ದಾಗ ಗುರುವಾರದ ಪ್ರಕಟಣೆಯೂ ನಿಂತಿತು. ಆಗ ಅರ್ಥಶಾಸ್ತ್ರಜ್ಞರು ರಾಜ್ಯಗಳು ಕಳುಹಿಸಿದ ಲೆಕ್ಕಗಳನ್ನು ತಾವೇ ಕೂಡಿಸಿ ಕುಳಿತರು. ತಿಂಗಳ ಸಮೀಕ್ಷೆಯೂ ಇಲ್ಲದ ಆ ದಿನಗಳಲ್ಲಿ ಅವರಿಗಿದ್ದ ಬೆಳಕು ಅಷ್ಟೇ.

ಮುಂದಿನ ಗುರುವಾರ ಈ ಸುದ್ದಿ ನಿಮ್ಮ ಕಿವಿಗೆ ಬಿದ್ದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ಒಂದು ವಾರದ್ದೋ, ನಾಲ್ಕು ವಾರದ ಸರಾಸರಿಯೋ? ಹಬ್ಬ, ಬಿರುಗಾಳಿ ಏನಾದರೂ ನಡುವೆ ಬಂದಿತ್ತೆ? ಒಳಹರಿವಿನ ಜೊತೆಗೆ ಕಟ್ಟೆಯ ಮಟ್ಟ ಎಷ್ಟಿದೆ? ಬಾಗಿಲು ತಟ್ಟಲಾರದವರು ಯಾರು? ಇವಕ್ಕೆ ಉತ್ತರ ಸಿಕ್ಕ ಮೇಲೆ ಸುದ್ದಿಯನ್ನು ನಂಬಿ. ಅಲ್ಲಿರುವ ಮಗನ ಅಥವಾ ಮಗಳ ಕ್ಷೇಮ ತಿಳಿಯಬೇಕಾದರೆ ಮಾತ್ರ, ಅಂಕಿಯನ್ನು ಬದಿಗಿಟ್ಟು, ಅವರನ್ನೇ ದೂರವಾಣಿಯಲ್ಲಿ ವಿಚಾರಿಸುವುದು ಮೇಲು.